ದುಬೈಯಲ್ಲಿ ಅಕ್ಕುವಿನ ಕುಮ್ಕಿ

ಅಕ್ಕು ಎಲ್ಲಿ ಕಾಲಿಟ್ಟರೂ ಅಲ್ಲಿಂದ ನಾಲ್ಕು ಮಾರು ಆಚೆಯವರೆಗೆ ತನ್ನದೇ ಎಂದು ತಿಳಿಯುವ ಹೆಂಗಸು. ಇದು ದುರಾಸೆಯಲ್ಲ, ಹುಟ್ಟುಗುಣ. ಅವಳ ತವರು ಬೆಳ್ಮಣ್ಣಿನ ಹತ್ತಿರ. ಆ ಕಡೆಯವರು ತೊಟ್ಟಿಲಲ್ಲೇ ಕಲಿಯುವ ಶಬ್ದಗಳಲ್ಲಿ ಕುಮ್ಕಿ ಎಂಬುದೂ ಒಂದು. ನಮ್ಮ ಪಟ್ಟಾ ಜಾಗ ಎಲ್ಲಿ ಮುಗಿಯುತ್ತದೋ ಅದಕ್ಕೆ ತಾಗಿಕೊಂಡಿರುವ ಸರಕಾರಿ ಗುಡ್ಡೆಯಲ್ಲಿ ಸೊಪ್ಪು ಕೊಯ್ಯಲು, ದನ ಮೇಯಿಸಲು ನಮಗಿರುವ ಸವಲತ್ತಿಗೆ ಆ ಹೆಸರು. ಕಾಗದದ ಪ್ರಕಾರ ಬರೀ ಸೊಪ್ಪು. ಆದರೆ ಸೊಪ್ಪಿಗೆ ಹೋದವರು ಒಂದು ಗೇರುಗಿಡ ನೆಡುತ್ತಾರೆ, ಗೇರಿಗೆ ಬೇಲಿ ಬೇಕಾಗುತ್ತದೆ, ಬೇಲಿ ದಾಟಲೊಂದು ತಡಮೆ ಬೇಕಾಗುತ್ತದೆ. ತಡಮೆ ಬಂದ ಮೇಲೆ ಮಾತೇ ಇಲ್ಲ, ಅದು ಅಜ್ಜನ ಕಾಲದಿಂದ ನಮ್ಮದೇ. ಅಕ್ಕುವಿನ ಅಪ್ಪ ಇಂಥದೇ ಒಂದು ವ್ಯಾಜ್ಯ ಹಿಡಿದು ಎಷ್ಟು ವರ್ಷ ಕಾರ್ಕಳಕ್ಕೆ ಅಲೆದರೆಂದರೆ, ಕೊನೆಗೆ ಕೋರ್ಟಿನ ಜಗಲಿಯೇ ಅವರ ಕುಮ್ಕಿ ಆಯಿತು ಎಂದು ಊರವರು ನಗುತ್ತಿದ್ದರು.

ಮದುವೆಯಾಗಿ ದುಬೈಗೆ ಬಂದ ಅಕ್ಕು ಬಹಳ ವರ್ಷ ಅಲ್ ಮುರಕ್ಕಬಾತಿನ ಒಂದು ಫ್ಲ್ಯಾಟಿನಲ್ಲಿದ್ದಳು. ಕೆಳಗೆ ಶವರ್ಮಾ ಅಂಗಡಿ, ಮೇಲೆ ಫಿಲಿಪ್ಪೀನ್ಸಿನ ನರ್ಸುಗಳು, ನಡುವೆ ತ್ರಿಶಂಕುವಿನ ಹಾಗೆ ಇವಳು. ಮಣ್ಣೆಂಬುದು ಬಾಲ್ಕನಿಯ ಮೊಸರು ಬಕೆಟುಗಳಲ್ಲಿ ಮಾತ್ರ. ಆದರೂ ಬಂದ ವರ್ಷವೇ ಬಾಗಿಲಿನಾಚೆ ಚಪ್ಪಲಿ ಸ್ಟ್ಯಾಂಡ್ ಹೊರಟಿತು. ಸ್ಟ್ಯಾಂಡಿನ ಪಕ್ಕಕ್ಕೆ ತುಳಸಿ ಬಂತು. ತುಳಸಿಗೆ ಬಿಸಿಲು ಸಾಲದೆ ಅದು ಲಿಫ್ಟಿನ ಎದುರಿನ ಕಿಟಕಿಗೆ ಪ್ರಯಾಣ ಬೆಳೆಸಿತು. ಹಪ್ಪಳ ಒಣಗಿಸುವ ಚಾಪೆ ಅದರ ಬೆನ್ನಿಗೆ ನಡೆಯಿತು.

"ಮೇಡಂ, ಯೇ ಕಾರಿಡಾರ್ ಬಿಲ್ಡಿಂಗ್ ಕಾ ಹೈ" ಎಂದ ಪಠಾಣ ವಾಚ್‌ಮನ್.

ಅಕ್ಕು ಗಂಡನ ಕಡೆ ತಿರುಗಿದಳು. "ಇವನಿಗೆ ಕುಮ್ಕಿ ಅಂದ್ರೆ ಎಂತ ಅಂತ ಸ್ವಲ್ಪ ಹಿಂದಿಯಲ್ಲಿ ಹೇಳಿ ಮಾರಾಯ್ರೆ."

"ಹಿಂದಿಯಲ್ಲಿ ಅದಕ್ಕೆ ಕಬ್ಜಾ ಅಂತಾರೆ" ಎಂದ ಧರ್ಮಪಾಲ. "ಹೇಳ್ಲಾ?"

ಧರ್ಮಪಾಲ ಎ.ಸಿ. ಕೊಳವೆ ಮಾಡುವ ಕಂಪೆನಿಯೊಂದರಲ್ಲಿ ಮ್ಯಾನೇಜರು. ಉದ್ಯೋಗದ ತಂಪು ಸ್ವಭಾವಕ್ಕೂ ಇಳಿದಿತ್ತು. ಇಡೀ ದಾಂಪತ್ಯದಲ್ಲಿ ಅವನು ದನಿ ಏರಿಸಿದ್ದು ಫೋನಿನ ಲೈನು ಸರಿಯಿಲ್ಲದಾಗ ಮಾತ್ರ.

೨೦೧೨ರಲ್ಲಿ ಕಂಪೆನಿ ಅವನಿಗೆ ಆಲ್ಪೈನ್ ಲೇಕ್ ಕಾಟೇಜಸ್ ಎಂಬಲ್ಲಿ ಒಂದು ಮನೆ ಲೀಸಿಗೆ ಹಿಡಿದು ಕೊಟ್ಟಿತು. ಅಬುಧಾಬಿ ರಸ್ತೆಯಲ್ಲಿ ಹೋಗಿ, ಮರಳಿನೊಳಕ್ಕೆ ತಿರುಗಿ, ದಾರಿ ತಪ್ಪಿತು ಎಂದು ಖಾತ್ರಿಯಾದ ಮೇಲೂ ಧೈರ್ಯಗೆಡದೆ ಹೋದರೆ ಅದು ಸಿಗುತ್ತಿತ್ತು. ಕಟ್ಟಿದವರು ಸ್ವಿಟ್ಜರ್‌ಲ್ಯಾಂಡಿನ ಕನಸು ಕಂಡಿದ್ದರು. ಹಿಮ ಜಾರಿ ಬೀಳಲಿ ಎಂದು ಇಳಿಜಾರು ಮಾಡು, ಹೊಗೆ ಹೋಗಲಿ ಎಂದು ಚಿಮಣಿ. ಹಿಮದ ಬದಲು ಮರಳು ಜಾರುತ್ತಿತ್ತು. ಚಿಮಣಿಯಲ್ಲಿ ಪಾರಿವಾಳಗಳು ಬಾಣಂತನ ಮಾಡಿಕೊಂಡಿದ್ದವು. ನಡುವೆ ಒಂದು ಕೆರೆ. ಅದರ ನೀರು ಎಲ್ಲಿಯದು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದುಬೈಯ ಬಚ್ಚಲುಗಳ ನೀರೆಲ್ಲ ಶುದ್ಧಿಯಾಗಿ, ಪುನರ್ಜನ್ಮ ಪಡೆದು, ಅಲ್ಲಿ ಬಾತುಕೋಳಿಗಳನ್ನು ತೇಲಿಸುತ್ತಿತ್ತು. ಕಾಟೇಜಿನಲ್ಲಿ ಮೊದಲು ಬರುವುದು ಕಾಟ, ಏಜು ತಾನಾಗಿ ಆಗುತ್ತದೆ ಎಂದು ಧರ್ಮಪಾಲ ಮೊದಲ ದಿನವೇ ಅಂದ. ಅಕ್ಕು ಕೇಳಿಸಿಕೊಳ್ಳಲಿಲ್ಲ. ಅವಳು ಹಿಂದಿನ ಗೋಡೆಯ ಸಣ್ಣ ಗೇಟು ತೆಗೆದು ಆಚೆ ನೋಡುತ್ತ ನಿಂತಿದ್ದಳು.

ಗೋಡೆಗೂ ಕೆರೆಗೂ ನಡುವೆ ಒಂದು ಉದ್ದನೆಯ ತುಂಡು ಜಾಗವಿತ್ತು. ಗೇಟಿನಾಚೆ ಹುಲ್ಲಿಲ್ಲ, ಬೆಂಚಿಲ್ಲ, ಕಾಟೇಜು ಕಟ್ಟಿದ ಕಂಪೆನಿಯ ಬೋರ್ಡಿಲ್ಲ. ನಟ್ಟ ನಡುವೆ ಮುದಿ ಗಾಫ್ ಮರವೊಂದು ನಿಂತಿತ್ತು, ನಮ್ಮ ಕಡೆ ಬನ್ನಿ ಎನ್ನುತ್ತಾರಲ್ಲ, ಅದೇ ಮರ. ಬುಲ್ಡೋಜರುಗಳು ಅದನ್ನು ಮಾತ್ರ ಸುತ್ತಿಹಾಕಿ ಹೋದ ಗುರುತು ಇನ್ನೂ ಇತ್ತು.

"ಇದು ಯಾರದ್ದು?" ಎಂದಳು ಅಕ್ಕು.

"ನಮ್ಮದಲ್ಲ" ಎಂದ ಧರ್ಮಪಾಲ. ಸರಿಯಾದ ಉತ್ತರ, ಆದರೆ ಅದು ಅವಳು ಕೇಳಿದ ಪ್ರಶ್ನೆಗಲ್ಲ.

ಮರುವಾರವೇ ಊರಿಂದ ತಂದಿದ್ದ ಬಸಳೆಯ ಬಳ್ಳಿ ಗೋಡೆ ದಾಟಿತು. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಪೈಪು ಹಿಡಿದು ಅದರ ಬುಡಕ್ಕೆ ಹೊರಟಿತು. ಬೇಸಿಗೆಯಲ್ಲಿ ಎ.ಸಿ. ನಿಲ್ಲುವುದೇ ಇಲ್ಲವಾದ್ದರಿಂದ ಆ ಬಸಳೆಗೆ ಬಡತನವೆಂದರೇನೆಂದು ತಿಳಿಯಲೇ ಇಲ್ಲ. ಗುಜರಿಯಿಂದ ತಂದ ಕೊಳವೆಗಳಲ್ಲಿ ಚಪ್ಪರ ಎದ್ದಿತು. ಚಪ್ಪರದ ಅಡಿಗೆ ಹರಿವೆ, ಬದಿಗೆ ತೊಂಡೆ. "ಅಮ್ಮಾ, this is literally encroachment" ಎಂದಳು ಶಾಲೆಯ ಕೊನೆಯ ವರ್ಷದಲ್ಲಿದ್ದ ಮಗಳು ಅಶ್ಮಿತಾ. "ಲಿಟರಲಿ ಬಸಳೆ ಅದು" ಎಂದಳು ಅಕ್ಕು. "ರಾತ್ರಿ ಅಕ್ಕಿಯ ಪುಂಡಿ ಹಾಕಿ ಗಸಿ ಮಾಡಿದ್ರೆ ತಿನ್ನುವವಳು ನೀನೇ."

ಚಳಿ ಬಿದ್ದ ಮೊದಲ ಶುಕ್ರವಾರ ಅಡಿಗೆಮನೆಯ ಕಿಟಕಿಯಿಂದ ನೋಡಿದ ಅಕ್ಕು ಒಲೆ ಆರಿಸಿ ಕಿಟಕಿಗೇ ಅಂಟಿಕೊಂಡಳು. ಬಿಳಿ ಲ್ಯಾಂಡ್ ಕ್ರೂಸರೊಂದು ರಸ್ತೆಯ ಹಂಗಿಲ್ಲದೆ ನೇರ ಮರಳಿನ ಮೇಲಿಂದಲೇ ಬಂದು ಮರದಡಿ ನಿಂತಿತ್ತು. ಪಾಕಿಸ್ತಾನಿ ಚಾಲಕ ಜಮಖಾನೆ ಹಾಸಿದ, ಇದ್ದಿಲಿನ ಒಲೆ ಇಳಿಸಿದ, ನಾಲ್ಕು ಮೇಕೆಗಳನ್ನೂ ಇಳಿಸಿದ. ಕೊನೆಗೆ ಮುಖಕ್ಕೆ ಹೊಳೆಯುವ ಕಂಚಿನ ಬಣ್ಣದ ಮುಸುಕು ಕಟ್ಟಿದ ಮುದುಕಿಯೊಬ್ಬಳು ಇಳಿದು, ಹಜಾರಕ್ಕೆ ಬಂದ ಯಜಮಾನಿಯ ಹಾಗೆ ಕಾಲು ಮಡಚಿ ಕೂತಳು.

"ನಮ್ಮ ಕುಮ್ಕಿಯಲ್ಲಿ ಯಾರೋ ಬಂದು ಕೂತಿದ್ದಾರೆ!"

"ಕೂತವರು ಏಳ್ತಾರೆ" ಎಂದ ಧರ್ಮಪಾಲ ಪೇಪರಿನ ಹಿಂದಿನಿಂದ.

ಅಕ್ಕುವಿಗೆ ಜಗಳ ಬರುತ್ತಿತ್ತು. ಆದರೆ ಬಂದವರ ಮೇಲೆ, ಅದೂ ಅಷ್ಟು ವಯಸ್ಸಾದವರ ಮೇಲೆ, ಏರಿಹೋಗುವ ಮನೆತನ ಅವಳದಲ್ಲ. ಜಾಗ ನಮ್ಮದು ಎಂದು ತೋರಿಸಲು ಇನ್ನೂ ಒಳ್ಳೆಯ ಉಪಾಯವಿದೆ: ಉಪಚಾರ. ಒಂದು ತಟ್ಟೆಯಲ್ಲಿ ಬೆಚ್ಚಗಿನ ಗೋಳಿಬಜೆ, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಗೇಟು ದಾಟಿದಳು. ಮನೆಯೊಡತಿಯ ಗತ್ತಿನಲ್ಲಿ ಕೈಚಾಚಿ, "ಬನ್ನಿ, ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದಳು. ಮುದುಕಿ ಕೂತೇ ಇದ್ದಳು. ಇವಳನ್ನು ಕಂಡು ಎದ್ದು ನಿಂತು, ಅದೇ ಗತ್ತಿನಲ್ಲಿ ಕೈಚಾಚಿ, "ತಫದ್ದಲಿ, ತಫದ್ದಲಿ" ಎಂದಳು. ಅದರ ಅರ್ಥವೂ ಬನ್ನಿ ಎಂದೇ. ಬನ್ನಿ ಮರದ ಕೆಳಗೆ ಇಬ್ಬರು ಹೆಂಗಸರು ಪರಸ್ಪರ ಬನ್ನಿ ಬನ್ನಿ ಎನ್ನುತ್ತ, ನೀನು ಮೊದಲು ಕೂರು ಎಂದು ತೋಳು ಹಿಡಿದೆಳೆಯುತ್ತ ಸ್ವಲ್ಪ ಹೊತ್ತು ಕುಸ್ತಿಯನ್ನೇ ಆಡಿದರು. ಎಳೆತದಲ್ಲಿ ಮುದುಕಿ ಗೆದ್ದಳು. ಅಕ್ಕು ಜಮಖಾನೆಯ ಮೇಲೆ ಕೂತಳು.

ಮುದುಕಿ ಕೊಕ್ಕಿನ ಕೆಟಲಿಯಿಂದ ಬೆರಳುದ್ದದ ಲೋಟಕ್ಕೆ ಏಲಕ್ಕಿ ಹಾಕಿದ ಕಹಿ ಕಾಫಿ ಹೊಯ್ದು ಕೊಟ್ಟಳು. ಅಕ್ಕು ಕುಡಿದಳು. ಮತ್ತೆ ಹೊಯ್ದಳು, ಮತ್ತೆ ಕುಡಿದಳು. ಸಾಕು ಎನ್ನಲು ಲೋಟವನ್ನು ಕೈಯಲ್ಲೇ ಅಲ್ಲಾಡಿಸಬೇಕೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅತಿಥಿಯ ಲೋಟ ಅಲ್ಲಾಡದೆ ಹೊಯ್ಯುವುದನ್ನು ನಿಲ್ಲಿಸುವಂತಿಲ್ಲ ಎಂಬ ನೇಮ ಮುದುಕಿಯದು. ಕೊಟ್ಟದ್ದನ್ನು ಬಿಡುವಂತಿಲ್ಲ ಎಂಬ ನೇಮ ಇವಳದು. ಕೆಟಲಿ ಬರಿದಾದಾಗಲೇ ಇಬ್ಬರಿಗೂ ಬಿಡುಗಡೆ. ಆ ಇರುಳು ಅಕ್ಕುವಿನ ಕಣ್ಣಿಗೆ ನಿದ್ದೆ ಸುಳಿಯಲಿಲ್ಲ.

ಕತೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಇನ್ನೊಂದು ಪದ್ಧತಿ ಇದೆ ನೋಡಿ, ಅದು ಬೆಳ್ಮಣ್ಣಿನಲ್ಲೂ ಉಂಟು, ಮರಳುಗಾಡಿನಲ್ಲೂ ಉಂಟು. ಗೋಳಿಬಜೆಯ ತಟ್ಟೆ ಖರ್ಜೂರ ತುಂಬಿಕೊಂಡು ವಾಪಸು ಬಂತು. ಖರ್ಜೂರದ ಡಬ್ಬಿ ಮುಂದಿನ ಶುಕ್ರವಾರ ಬಸಳೆಯ ಕಟ್ಟು ಹೊತ್ತು ಹೋಯಿತು. ಬಸಳೆಯ ಬುಟ್ಟಿ ಒಂಟೆಹಾಲಿನ ಬಾಟಲಿಯೊಂದಿಗೆ ಬಂತು. ಒಂಟೆಹಾಲು ಏನಾಯಿತು ಎಂದು ಕೇಳಬೇಡಿ, ಧರ್ಮಪಾಲ ಅದರ ಚಹಾ ಕುಡಿದು, "ಚೆನ್ನಾಗುಂಟು, ಸ್ವಲ್ಪ ಕತ್ತು ಉದ್ದ ಆದ ಹಾಗೆ ಆಗ್ತದೆ" ಅಂದಿದ್ದ. ಹೀಗೆ ಎರಡು ಚಳಿಗಾಲ ಕಳೆಯಿತು. ಮುದುಕಿಯ ಹೆಸರು ಜಮೀಲ ಎಂಬುದನ್ನು ಬಿಟ್ಟರೆ ಅಕ್ಕುವಿಗೆ ಅವಳ ಒಂದು ಮಾತೂ ತಿಳಿದಿರಲಿಲ್ಲ.

"ಯಾರಮ್ಮಾ ಅದು, every Friday?" ಎಂದು ಅಶ್ಮಿತಾ ಕೇಳಿದರೆ ಅಕ್ಕು ಗರ್ವದಿಂದ ಹೇಳುತ್ತಿದ್ದಳು: "ನಮ್ಮ ಗೆಸ್ಟ್. ಪಾಪ, ಬೇರೆ ಎಲ್ಲಿ ಹೋಗ್ತಾರೆ?"

ಅಷ್ಟರಲ್ಲಿ ಎಕ್ಸ್‌ಪೋ ದುಬೈಗೆ ಬರುತ್ತದೆಂದು ಬುರ್ಜಿನ ಮೇಲೆ ಪಟಾಕಿ ಹಾರಿತ್ತು. ಮಲಗಿದ್ದ ಕ್ರೇನುಗಳೆಲ್ಲ ಮೈಮುರಿದು ಎದ್ದವು. ಆಲ್ಪೈನ್ ಲೇಕಿಗೆ ಅದನ್ನು ಕಟ್ಟಿದ ಕಂಪೆನಿಯ ಕಡೆಯಿಂದ ದೀಪ್ತಿ ಎಂಬ ಹೊಸ ಕಮ್ಯುನಿಟಿ ಮ್ಯಾನೇಜರ್ ಬಂದಳು. ಬೆಂಗಳೂರಿನ ಜಯನಗರದ ಹುಡುಗಿ. ಎತ್ತರ ಹಿಮ್ಮಡಿಯ ಚಪ್ಪಲಿ ಮರಳಿನಲ್ಲಿ ಹೂತುಹೋದರೂ ನಗು ಮಾಸದವಳು. ಅವಳು ಗೇಟಿನಾಚೆ ಚಪ್ಪರ ನೋಡಿ ನಿಂತಾಗ, ಮುಗಿಯಿತು, ಇವಳು ದಂಡ ಹಾಕುತ್ತಾಳೆ ಎಂದು ಅಕ್ಕು ಸೆರಗು ಬಿಗಿದಳು.

"ವಾವ್ ಆಂಟಿ! ಎಷ್ಟ್ ಆರ್ಗ್ಯಾನಿಕ್ ಆಗಿದೆ!"

"ಹಾಗೆಂದರೆ?"

"ತುಂಬಾ ಚೆನ್ನಾಗಿದೆ ಅಂತ ಆಂಟಿ. ನಿಮ್ಗೊಂದ್ ಅವಾರ್ಡ್ ಕೊಡ್ಲೇಬೇಕು."

ಬಂದೇ ಬಂತು ಅವಾರ್ಡು. ಚಪ್ಪರದ ಮುಂದೆ ಕಂಪೆನಿಯ ಹೆಸರಿದ್ದ ಹಸಿರು ಬೋರ್ಡು ನೆಟ್ಟು, ಅದರ ಪಕ್ಕ ಕಾಂಜೀವರಂ ಉಟ್ಟ ಅಕ್ಕುವನ್ನು ನಿಲ್ಲಿಸಿ, ಕೈಗೆ ಗಾಜಿನ ಎಲೆಯೊಂದನ್ನು ಕೊಟ್ಟು ಫೋಟೋ ತೆಗೆದರು. ಫೋಟೋ ಬೆಳ್ಮಣ್, ಮುಂಬಯಿ, ಮಸ್ಕತ್ತುಗಳ ಎಲ್ಲ ಬಂಧುಗಳ ವಾಟ್ಸ್ಯಾಪಿಗೂ ಹೋಯಿತು. ಅಪ್ಪ ಜೀವಮಾನವಿಡೀ ಅಲೆದೂ ಪಡೆಯದಿದ್ದದ್ದನ್ನು ಮಗಳು ಬಸಳೆಯಿಂದ ಪಡೆದಿದ್ದಳು: ಕುಮ್ಕಿಗೆ ಕಂಪೆನಿಯ ಮುದ್ರೆ.

ಮೂರನೆಯ ಚಳಿಗಾಲ ಬಂತು, ಲ್ಯಾಂಡ್ ಕ್ರೂಸರೂ ಬಂತು. ಈ ಸಲ ಜಮೀಲಳ ಜೊತೆ ಒಬ್ಬ ನಡುವಯಸ್ಸಿನ ಹೆಂಗಸು ಇಳಿದಳು. ಅಕ್ಕು ಹುಳ ತಿಂದ ಎಲೆಗೆ ತುಳುವಿನಲ್ಲಿ ಬೈಯುತ್ತಿರುವುದನ್ನು ಕೇಳಿ ಅವಳು ಗಕ್ಕನೆ ನಿಂತಳು.

"ಏ ಅಕ್ಕಾ! ನೀವು ಊರಿನವರಾ?"

ಅವಳು ಝುಲೈಖ, ಉಪ್ಪಿನಂಗಡಿಯವಳು. ಜಮೀಲಳ ಮನೆಯಲ್ಲಿ ಅಡಿಗೆ, ಉಪಚಾರಕ್ಕೆಂದು ಆ ವರ್ಷವೇ ಸೇರಿದ್ದಳು. ಅರಬ್ಬಿ ನೀರು ಕುಡಿದ ಹಾಗೆ ಬರುತ್ತಿತ್ತು. ಊರಿನ ಮಾತು ಸಿಕ್ಕಿದ ಸಂತೋಷಕ್ಕೆ ಅಕ್ಕು ಅವಳ ಎರಡೂ ಕೈ ಹಿಡಿದುಕೊಂಡಳು. ಇಬ್ಬರನ್ನೂ ನೋಡುತ್ತಿದ್ದ ಜಮೀಲ ಏನೋ ಉದ್ದಕ್ಕೆ ಹೇಳಿದಳು.

"ಅಮ್ಮನಿಗೆ ನಿಮ್ಮ ಮೇಲೆ ಒಂದು ಬೇಜಾರು ಉಂಟಂತೆ" ಎಂದಳು ಝುಲೈಖ. "ಎರಡು ವರ್ಷದಿಂದ ಇವಳಿಗೆ ನಾನು ಇಷ್ಟು ಸತ್ಕಾರ ಮಾಡಿದೆ, ಒಂದು ಸಲವಾದ್ರೂ ತನ್ನ ಮನೆಗೆ ಬಾ ಅನ್ಲಿಲ್ಲ ಅಂತ."

"ಅಯ್ಯೋ, ಇಲ್ಲಿಗೇ ಕರೆದು ಉಪಚಾರ ಮಾಡಿದ್ದು ನಾನಲ್ವಾ? ನನ್ನ ಜಾಗಕ್ಕೆ ಬಂದದ್ದು ಅವರು!"

ಝುಲೈಖ ಬಾಯಿಗೆ ಕೈ ಇಟ್ಟುಕೊಂಡಳು. "ನಿಮ್ಮ ಜಾಗವಾ? ಅಕ್ಕಾ, ಇದನ್ನು ನಾನು ಅರಬ್ಬಿ ಮಾಡುವುದಿಲ್ಲ. ಅಮ್ಮ ಹುಟ್ಟಿದ್ದು ಈ ಮರದ ಬುಡದಲ್ಲಿ. ಚಳಿಗಾಲ ಬಂತು ಅಂದ್ರೆ ಇವರ ಇಡೀ ಕುಟುಂಬ ಒಂಟೆ, ಮೇಕೆ ಹೊಡ್ಕೊಂಡು ಬಂದು ಬಿಡಾರ ಹೂಡ್ತಿದ್ದದ್ದು ಇಲ್ಲಿ. ಇವರ ಅಜ್ಜ ತೋಡಿಸಿದ ಬಾವಿ ಇತ್ತು."

"ಎಲ್ಲಿ ಬಾವಿ?"

ಝುಲೈಖ ಕೆರೆಯ ಕಡೆ ಗದ್ದ ಎತ್ತಿ ತೋರಿಸಿದಳು. "ಅದರ ಅಡಿಯಲ್ಲಿ. ಅದನ್ನು ಮುಚ್ಚಿಯೇ ನಿಮ್ಮ ಬಾತುಕೋಳಿಗೆ ನೀರು ಬಿಟ್ಟದ್ದು. ಉಳಿದದ್ದು ಈ ಮರ, ಇಷ್ಟು ಜಾಗ. ಈಗ ಅದಕ್ಕೂ ಕುತ್ತು ಬಂದಿದೆ."

ಬಂದದ್ದು ಇದು. ಕಂಪೆನಿ ಕೆರೆಯ ದಡದಲ್ಲಿ ದೋಣಿಕಟ್ಟೆ, ಕೆಫೆ ಕಟ್ಟುವ ಎರಡನೇ ಹಂತಕ್ಕೆ ಸರಕಾರದ ಹತ್ತಿರ ಈ ತುಂಡು ಜಾಗ ಕೇಳಿತ್ತು. ಇದು ನಮ್ಮ ತಲೆಮಾರುಗಳ ಚಳಿಗಾಲದ ಬಿಡಾರ, ನಮಗೇ ಇರಲಿ ಎಂದು ಜಮೀಲಳ ಮಗ ಅರ್ಜಿ ಕೊಟ್ಟಿದ್ದ. ಇಲ್ಲಿ ಯಾವ ಬಿಡಾರವೂ ಇಲ್ಲ, ವರ್ಷಗಳಿಂದ ನಮ್ಮ ನಿವಾಸಿಗಳೇ ನಮ್ಮ ಅಪ್ಪಣೆಯಿಂದ ಉಪಯೋಗಿಸುತ್ತಿದ್ದಾರೆ ಎಂದು ಕಂಪೆನಿ ಉತ್ತರಿಸಿತ್ತು. ಇನ್ನೆರಡು ವಾರದೊಳಗೆ ಸರಕಾರದ ಅಧಿಕಾರಿಗಳು ಜಾಗ ನೋಡಲು ಬರುವವರಿದ್ದರು.

"ಸಾಕ್ಷಿಗೆ ಕಂಪೆನಿಯವರು ಒಂದು ಫೋಟೋ ಕೊಟ್ಟಿದ್ದಾರೆ" ಎಂದು ಝುಲೈಖ ಮೊಬೈಲು ತೆಗೆದಳು. "ನೋಡಿ... ಯಾ ಅಲ್ಲಾ. ಅಕ್ಕಾ, ಇದು ನೀವೇ ಅಲ್ವಾ?"

ಗಾಜಿನ ಎಲೆ ಹಿಡಿದು ಕಾಂಜೀವರಂನಲ್ಲಿ ಹಲ್ಲು ಬಿಟ್ಟು ನಗುತ್ತಿದ್ದವಳು ಅಕ್ಕುವೇ. ಜಮೀಲಳೂ ಬಗ್ಗಿ ನೋಡಿ ಏನೋ ಅಂದಳು.

"ಸೀರೆ ಚೆನ್ನಾಗುಂಟಂತೆ" ಎಂದಳು ಝುಲೈಖ ಮೆಲ್ಲಗೆ.

ಬೈದಿದ್ದರೆ ಅಕ್ಕು ತಡೆದುಕೊಳ್ಳುತ್ತಿದ್ದಳು.

ಮರುದಿನ ದೀಪ್ತಿ ಕೇಕಿನ ಡಬ್ಬಿ ಹಿಡಿದು ಮನೆಗೇ ಬಂದಳು. "ಆಂಟಿ, ವೆರಿ ಸಿಂಪಲ್. ಯಾರ್ ಪರ್ಮಿಷನ್ ಮೇಲೆ ಗಿಡ ಹಾಕಿದ್ರಿ ಅಂತ ಕೇಳ್ತಾರೆ. ಕಂಪೆನಿ ಪರ್ಮಿಷನ್ ಅನ್ನಿ, ಖಲಾಸ್. ನಿಮ್ ಗಾರ್ಡನ್ ಹಂಗೇ ಉಳಿಯತ್ತೆ. ಕೆಫೆ ಪಕ್ಕ 'ಅಕ್ಕೂಸ್ ಕಾರ್ನರ್' ಅಂತ ಬೋರ್ಡೇ ಹಾಕ್ತೀವಿ."

"ಇಲ್ಲ ಅಂದ್ರೆ?"

ದೀಪ್ತಿಯ ನಗು ಒಂದು ನೂಲಿನಷ್ಟು ಸಡಿಲಾಯಿತು. "ಪರ್ಮಿಷನ್ ಇಲ್ದೆ ಹಾಕಿದ್ರೆ ಅದು ವಯಲೇಷನ್ ಆಗತ್ತಲ್ಲಾ ಆಂಟಿ. ಲೀಸ್ ರಿನ್ಯೂ ಮಾಡೋವಾಗ ಮೇಲ್ನೋರು ಕೇಳ್ತಾರೆ. ನಂಗೂ ಬಾಸ್ ಇದಾರೆ, ಪ್ಲೀಸ್."

ಅವಳು ಹೋದ ಮೇಲೆ ಮನೆಯಲ್ಲಿ ಸಭೆ ಸೇರಿತು. "ಅಮ್ಮಾ, you are Exhibit A" ಎಂದಳು ಅಶ್ಮಿತಾ, ಕೇಕು ತಿನ್ನುತ್ತ.

"ಮನೆ ಬಿಡಬೇಕಾದ್ರೆ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಫ್ಲ್ಯಾಟ್ ಸಿಗ್ತದೆ" ಎಂದ ಧರ್ಮಪಾಲ. "ಬಾಲ್ಕನಿ ಉಂಟು. ಮೊಸರಿನ ಬಕೆಟಿಗೆ ತೊಂದರೆ ಇಲ್ಲ."

"ನೀವು ಸುಮ್ಮನಿರಿ. ಮನೆಯ ಮಾತಲ್ಲ." ಅಕ್ಕು ಕಿಟಕಿಯಾಚೆ ನೋಡಿದಳು. "ಎರಡು ವರ್ಷ ನಾನು ಆ ಹೆಂಗಸಿಗೆ 'ಪಾಪ' ಅಂದೆ. ಅವರ ಜಮಖಾನೆಯಲ್ಲಿ ಕೂತು, ಅವರ ಕಾಫಿ ಕುಡಿದು, ಪಾಪ ಅಂದೆ."

"ಅವರಿಗೆ ಕನ್ನಡ ಬರುವುದಿಲ್ಲವಲ್ಲ."

"ನನಗೆ ಬರ್ತದಲ್ಲ!"

ಧರ್ಮಪಾಲ ಪೇಪರು ಮಡಚಿಟ್ಟ. ಅದು ಅಪರೂಪದ ಘಟನೆ.

"ಯಾರನ್ನೂ ಕೇಳದೆ ನೆಟ್ಟದ್ದು ಹೌದು" ಎಂದಳು ಅಕ್ಕು. "ಆದ್ರೆ ಅವರು ಬಂದು ನೋಡಿದ್ರು, ಕೀಳು ಅನ್ಲಿಲ್ಲ. ವಾರ ವಾರ ಬೆಳೆದದ್ದರಲ್ಲಿ ಒಂದು ಪಾಲು ಅವರ ಮನೆಗೆ ಹೋಯ್ತು. ಒಬ್ಬರ ಜಾಗದಲ್ಲಿ ಬೆಳೆದು ಅವರಿಗೆ ಪಾಲು ಕೊಟ್ರೆ ಅದಕ್ಕೆ ನಮ್ಮಲ್ಲಿ ಎಂತ ಹೇಳುವುದು?"

"ಗೇಣಿ" ಎಂದ ಧರ್ಮಪಾಲ. ಹೇಳಿಯಾದ ಮೇಲೆ ಅವನಿಗೂ ಅದು ಎಲ್ಲಿಗೆ ಹೋಗುತ್ತದೆಂದು ಹೊಳೆಯಿತು. "ಅಂದ್ರೆ ನೀನು ಒಕ್ಕಲು?"

ಬೆಳ್ಮಣ್ಣಿನ ಪಟ್ಟಾದಾರರ ಮಗಳಿಗೆ ಆ ಮಾತು ಸುಲಭಕ್ಕೆ ಇಳಿಯಲಿಲ್ಲ. ಅವಳು ಅದನ್ನು ನುಂಗಲು ಒಂದು ಲೋಟ ನೀರು ಕುಡಿದಳು.

ಊರಿನಲ್ಲಿ ಒಕ್ಕಲಾಗುವವರು ಧಣಿಯ ಮುಂದೆ ವೀಳ್ಯ ಇಟ್ಟು ಜಾಗ ಕೇಳಬೇಕು. ಶುಕ್ರವಾರ ಅಕ್ಕು ಹರಿವಾಣದಲ್ಲಿ ಐದು ವೀಳ್ಯದೆಲೆ, ಒಂದು ಅಡಿಕೆ ಇಟ್ಟುಕೊಂಡು ಮರದಡಿಗೆ ಹೋದಳು.

ಜಮೀಲ ಎಲೆಗಳನ್ನು ನೋಡಿ ನಿಟ್ಟುಸಿರುಬಿಟ್ಟಳು. "ಮತ್ತೆ ಸೊಪ್ಪು ತಂದಳಾ ಅಂತ ಕೇಳ್ತಾರೆ" ಎಂದಳು ಝುಲೈಖ. ಅಡಿಕೆಯನ್ನು ಖರ್ಜೂರದ ಬೀಜವೆಂದು ತಿಳಿದು ಮುದುಕಿ ಮೇಕೆಗೆ ಎಸೆಯಲು ಹೊರಟಾಗ ಅಕ್ಕು ಹಾರಿ ಹಿಡಿದಳು. ಬಳಿಕ ಝುಲೈಖ ಎಲ್ಲವನ್ನೂ ಬಿಡಿಸಿ ಹೇಳಿದಳು: ಕೇಳದೆ ನೆಟ್ಟದ್ದು, ತನ್ನದೇ ಎಂದುಕೊಂಡದ್ದು, ಈಗ ಕೇಳಲು ಬಂದದ್ದು. ಮುಸುಕಿನ ಹಿಂದೆ ಏನಾಗುತ್ತಿದೆಯೋ ಅಕ್ಕುವಿಗೆ ಕಾಣುತ್ತಿರಲಿಲ್ಲ. ಹೊಟ್ಟೆ ಕುಲುಕುವುದು ಮಾತ್ರ ಕಾಣಿಸಿತು. ಜಮೀಲ ನಗುತ್ತಿದ್ದಳು.

"ಮೊದಲ ದಿನವೇ ಒಪ್ಪಿದ್ದೆ ಅಂತಾರೆ" ಎಂದಳು ಝುಲೈಖ. "ಬೇಡವಾಗಿದ್ರೆ ಮೇಕೆ ಬಿಡ್ತಿದ್ದೆ ಅಂತಾರೆ."

ಅಧಿಕಾರಿಗಳು ಬಂದ ದಿನ ಮರದಡಿ ಸಣ್ಣ ಸಂತೆ ನೆರೆಯಿತು. ಬಿಳಿ ಕಂದೂರ ನಿಲುವಂಗಿಯಲ್ಲಿ ಐಪ್ಯಾಡ್ ಹಿಡಿದ ತರುಣ ಅಧಿಕಾರಿ, ಅಳತೆಯವರು ಇಬ್ಬರು, ಸೂಟಿನೊಳಗೆ ಬೇಯುತ್ತಿದ್ದ ಕಂಪೆನಿಯ ವಕೀಲ, ಬೋರ್ಡಿನ ಧೂಳು ಒರೆಸುತ್ತಿದ್ದ ದೀಪ್ತಿ. ಜಮೀಲ ಯಾರು ಬಂದರೂ ತನಗೇನೆಂಬಂತೆ ಒಲೆಯ ಮುಂದೆ ಕೂತಿದ್ದಳು. ವಕೀಲ ಬೋರ್ಡು ತೋರಿಸಿದ, ಫೋಟೋ ತೋರಿಸಿದ, ಚಪ್ಪರ ತೋರಿಸಿದ. ಅಧಿಕಾರಿ ಅಕ್ಕುವಿನ ಕಡೆ ತಿರುಗಿದ. ಝುಲೈಖ ನಡುವೆ ನಿಂತಳು.

"ಯಾರು ಅಪ್ಪಣೆ ಕೊಟ್ಟರು ಅಂತ ಕೇಳ್ತಾರೆ ಅಕ್ಕಾ."

ದೀಪ್ತಿ ಕಣ್ಣಲ್ಲೇ ಪ್ಲೀಸ್ ಎನ್ನುತ್ತಿದ್ದಳು. ಧರ್ಮಪಾಲ ಆಕಾಶ ನೋಡುತ್ತಿದ್ದ.

"ನೆಡುವಾಗ ಯಾರೂ ಕೊಡ್ಲಿಲ್ಲ" ಎಂದಳು ಅಕ್ಕು. "ಕಂಪೆನಿಯೂ ಕೊಡ್ಲಿಲ್ಲ. ಬೋರ್ಡು ಬಂದದ್ದು ಚಪ್ಪರ ಆಗಿ ಒಂದೂವರೆ ವರ್ಷದ ಮೇಲೆ. ನಾನೇ ನೆಟ್ಟೆ, ತಪ್ಪು ನನ್ನದು. ಆಮೇಲೆ ಈ ಅಮ್ಮ ಬಂದ್ರು, ಇರಲಿ ಅಂದ್ರು. ಬೆಳೆದದ್ದರಲ್ಲಿ ಅವರಿಗೆ ಗೇಣಿ ಕೊಟ್ಟಿದ್ದೇನೆ. ನಾನು ಅವರ ಒಕ್ಕಲು ಅಂತ ಹೇಳು."

ಝುಲೈಖ ಗೇಣಿಯ ಹತ್ತಿರ ತಡವರಿಸಿದಳು. ಅಧಿಕಾರಿ ಹುಬ್ಬು ಗಂಟಿಕ್ಕಿದ. ವಕೀಲ ಮುಂದೆ ಬಂದ: ನೆರೆಮನೆಯವರು ಸೊಪ್ಪು ಕೊಟ್ಟುಕೊಳ್ಳುವುದು ಬಾಡಿಗೆಯಾಗುವುದಿಲ್ಲ, ಈ ಮಹಿಳೆ ಚಹಾ ತಿಂಡಿ ಕೊಟ್ಟು ಮುದುಕಿಯನ್ನು ಇಲ್ಲಿ ಅತಿಥಿಯಾಗಿ ನೋಡಿಕೊಂಡಿದ್ದಾಳೆ, ಅಷ್ಟೇ. ಅತಿಥಿಗೆ ಜಾಗದ ಹಕ್ಕೆಲ್ಲಿಂದ?

ಅಧಿಕಾರಿ ಆ ಮಾತಿಗೆ ತಲೆಯೆತ್ತಿದ. ಜಮೀಲಳ ಕೆಟಲಿಯನ್ನು ನೋಡಿದ. ಆಮೇಲೆ ಅಕ್ಕುವಿಗೆ ಒಂದೇ ಪ್ರಶ್ನೆ ಕೇಳಿದ.

"ಕಾಫಿ ಯಾರು ಹೊಯ್ದರು ಅಂತ ಕೇಳ್ತಾರೆ" ಎಂದಳು ಝುಲೈಖ.

ಚಹಾದ ಫ್ಲಾಸ್ಕು ತನ್ನದೇ ಇತ್ತು. ಗೋಳಿಬಜೆ ತನ್ನದೇ ಇತ್ತು. ಕೂತ್ಕೊಳ್ಳಿ ಎಂದು ಮೊದಲು ಕೈಚಾಚಿದವಳೂ ತಾನೇ. ಅಷ್ಟನ್ನು ಹೇಳಿದರೆ ಸುಳ್ಳೂ ಆಗುತ್ತಿರಲಿಲ್ಲ, ಗತ್ತೂ ಉಳಿಯುತ್ತಿತ್ತು.

"ಅವರು ಹೊಯ್ದರು" ಎಂದಳು ಅಕ್ಕು. "ನಾನು ಕುಡಿದೆ. ಪ್ರತಿ ವಾರ. ಅವರ ಜಮಖಾನೆಯಲ್ಲಿ ಕೂತು."

"ಚಹಾ?" ಎಂದು ಕೇಳಿಸಿದ ಅಧಿಕಾರಿ.

"ಅದು ನನ್ನ ಮನೆಯಿಂದ ಹೊತ್ತುಕೊಂಡು ಬಂದದ್ದು. ಗೋಡೆಯ ಆಚೆಯಿಂದ."

ಗೇಣಿ ಅರ್ಥವಾಗದಿದ್ದ ಅಧಿಕಾರಿಗೆ ಇದು ಥಟ್ಟನೆ ಅರ್ಥವಾಯಿತು. ಕೂತು ಕಾಫಿ ಹೊಯ್ಯುವವರೇ ಜಾಗದ ಯಜಮಾನರು, ಹೊತ್ತುಕೊಂಡು ಬರುವವರು ಅತಿಥಿಗಳು ಎಂದು ಅವನ ಅಜ್ಜಿ ಅವನಿಗೆ ನಡೆಯುವ ಮೊದಲೇ ಕಲಿಸಿರಬೇಕು. ಅವನು ಐಪ್ಯಾಡಿನಲ್ಲಿ ಏನೋ ಒತ್ತಿದ. ಜಮೀಲ ಅವನಿಗೂ ಒಂದು ಲೋಟ ಹೊಯ್ದು ಚಾಚಿದಳು. ವಕೀಲ ಬೇಡ ಬೇಡ ಎನ್ನುವಷ್ಟರಲ್ಲಿ ಅವನ ಕೈಗೂ ಒಂದು ಲೋಟ ಬಂದಿತ್ತು. ಬಾಯಾರಿ ಕಂಗಾಲಾಗಿದ್ದ ಮನುಷ್ಯ ಗಟಗಟ ಕುಡಿದ. ಅವನ ಕಕ್ಷಿದಾರರ ಮೊಕದ್ದಮೆ ಅಲ್ಲೇ ಅವನ ಗಂಟಲಿಗಿಳಿಯಿತು ಎಂದು ಧರ್ಮಪಾಲ ಇಂದಿಗೂ ಹೇಳುತ್ತಾನೆ.

ಎರಡು ತಿಂಗಳ ಮೇಲೆ ತೀರ್ಮಾನ ಬಂತು. ಮರವೂ ಆ ತುಂಡು ಜಾಗವೂ ಜಮೀಲಳ ಕುಟುಂಬದ ಬಳಕೆಗೆ ಉಳಿಯಿತು. ಕೆಫೆ ಕೆರೆಯ ಆಚೆ ದಡಕ್ಕೆ ಹೋಯಿತು, ಸಂಜೆಯ ಗಾಳಿಗೆ ಅಲ್ಲಿ ಕಾಪುಚಿನೋದ ನೊರೆ ಪಕ್ಕದ ಮೇಜಿಗೆ ಹಾರುತ್ತಿತ್ತು. ದೀಪ್ತಿ ಬೋರ್ಡು ಕೀಳಿಸಲು ಬಂದಾಗ ಅಕ್ಕು ಹೆದರುತ್ತಲೇ ಲೀಸಿನ ಮಾತೆತ್ತಿದಳು.

"ಅಯ್ಯೋ ಬಿಡಿ ಆಂಟಿ. ಆ ಜಾಗ ನಮ್ದೇ ಅಲ್ಲಾ ಅಂತ ಆಯ್ತಲ್ಲಾ. ನಮ್ದಲ್ದಿರೋ ಜಾಗದಲ್ಲಿ ನೀವ್ ಏನ್ ಹಾಕಿದ್ರೂ ನಮಗೇನ್ ವಯಲೇಷನ್?" ದೀಪ್ತಿ ಚಪ್ಪರದ ಕಡೆ ಕಳ್ಳ ನೋಟ ಬೀರಿದಳು. "ಆಂಟಿ, ಒಂದ್ ಕಟ್ ಬಸಳೆ ಕೊಡ್ತೀರಾ?"

"ನನ್ನನ್ನು ಎಂತ ಕೇಳ್ತೀ? ಧಣಿಗಳನ್ನು ಕೇಳು."

ಧಣಿಗಳು ಮುಂದಿನ ಚಳಿಗಾಲ ಬಂದಿಳಿದರು. ಇಳಿದವರೇ ಚಾಲಕನ ಕೈಯಲ್ಲಿ ಗೂಟ ಹೊಡೆಸಿ, ಹಗ್ಗ ಎಳೆಸಿ, ಇಡೀ ಜಾಗಕ್ಕೆ ಬೇಲಿ ಹಾಕಿಸಿದರು. ಹಗ್ಗ ಅಕ್ಕುವಿನ ಗೇಟಿನ ಮುಂದೆಯೇ ಹಾದುಹೋಯಿತು. ಆ ಕಡೆ ಚಪ್ಪರ, ಈ ಕಡೆ ಬುಟ್ಟಿ ಹಿಡಿದ ಅಕ್ಕು. ಹಗ್ಗ ಮೊಣಕಾಲೆತ್ತರ ಕೂಡ ಇರಲಿಲ್ಲ, ದಾಟಿದರೆ ದಾಟಬಹುದಿತ್ತು. ಅವಳು ದಾಟಲಿಲ್ಲ. ಚಪ್ಪಲಿ ಬಿಟ್ಟು ನಿಂತು, "ಒಳಗೆ ಬರ್ಲಾ?" ಎಂದಳು.

ಜಮೀಲ ಕೈಯೆತ್ತಿ, ತಾಳು ಎಂದಳು. ಚಾಲಕನಿಗೆ ಬೈಯುವುದು ಇನ್ನೂ ಬಾಕಿಯಿತ್ತು. ಅದನ್ನು ಸಾವಕಾಶ ಮುಗಿಸಿ ಕರೆದಳು. ಅಕ್ಕು ಹಗ್ಗ ದಾಟಿ ಬಂದು ಬಸಳೆ ಕೊಯ್ಯಲು ಕೈಯಿಟ್ಟಳೋ ಇಲ್ಲವೋ, ಹಿಂದಿನಿಂದ ಅರಬ್ಬಿಯಲ್ಲಿ ಮತ್ತೊಂದು ಆಜ್ಞೆ ಬಂತು.

"ಚಪ್ಪರ ಅಡ್ಡ ಆಗ್ತದಂತೆ" ಎಂದಳು ಝುಲೈಖ. "ಕೂತಲ್ಲಿಂದ ಮೇಕೆ ಕಾಣುವುದಿಲ್ಲವಂತೆ. ಸ್ವಲ್ಪ ಆಚೆ ಸರಿಸ್ಬೇಕಂತೆ."

"ಬೇರು ಬಿಟ್ಟದ್ದನ್ನು ಹೇಗೆ ಸರಿಸುವುದು? ಹೇಳು ಅವರಿಗೆ."

ಝುಲೈಖ ಹೇಳಿದಳು. ಉತ್ತರ ಗಿಡ್ಡವಾಗಿತ್ತು. "ಮೇಕೆ ಬಿಡ್ಲಾ ಅಂತ ಕೇಳ್ತಾರೆ."

ಅಕ್ಕು ಸೆರಗು ಸಿಕ್ಕಿಸಿ, ಕಂಬಕ್ಕೆ ಹೆಗಲು ಕೊಟ್ಟಳು. ಈ ಧಣಿಗಳೆಲ್ಲ ಎಲ್ಲಿ ಹೋದ್ರೂ ಒಂದೇ ಜಾತಿ ಎಂದು ತುಳುವಿನಲ್ಲಿ ಗೊಣಗುತ್ತ, ಕಿತ್ತು, ಎಳೆದು, ನಾಲ್ಕು ಹೆಜ್ಜೆ ಆಚೆ ಊರಿ, ಬೆವರು ಒರೆಸಿಕೊಂಡು ತಿರುಗಿ ನೋಡಿದಳು.

ಜಮೀಲ ಜಮಖಾನೆಯ ಮೇಲಿಂದಲೇ ಬೆರಳು ಆಡಿಸಿದಳು: ಇನ್ನೂ ಸ್ವಲ್ಪ.